ಒಳಗಿದ್ದಾರೆ ಎಂದಿತು ಗೇಟು

ಬೊಂಯ್.

ಮೂರನೇ ಗೇಟು. ತಲೆಯೆತ್ತಿ ನೋಡದೆಯೇ ಅವಳಿಗೆ ಗೊತ್ತಾಯಿತು. ಆರು ಗೇಟುಗಳೂ ಟಿಕೆಟನ್ನು ಒಪ್ಪಿಕೊಂಡಾಗ ಒಂದೇ ಬಗೆಯಲ್ಲಿ ‘ಟಿಣ್’ ಎನ್ನುತ್ತವೆ. ಒಲ್ಲೆ ಎನ್ನುವಾಗ ಮಾತ್ರ ಒಂದೊಂದಕ್ಕೆ ಒಂದೊಂದು ದನಿ. ಮೂರನೆಯದು ಹೊಟ್ಟೆಯೊಳಗಿಂದ ಗೊಣಗುತ್ತದೆ.

“ಒಂದು ಹೆಜ್ಜೆ ಹಿಂದೆ ಬಂದು ಮತ್ತೆ ತೋರಿಸಿ.”

“ನಾಲ್ಕು ಸಲ ತೋರಿಸಿದೆ ಕಣ್ರೀ. ನನ್ನ ಹೆಂಡ್ತೀನೂ ಇಷ್ಟು ಸಲ ವಾಪಸ್ ಕಳಿಸಿಲ್ಲ.”

“ಅವ್ರಿಗೆ ಕೆಂಪು ದೀಪ ಕೊಟ್ಟಿರ್ಲಿಲ್ಲ, ಅದಕ್ಕೆ. ಫೋನಿನ ಬೆಳಕು ಜಾಸ್ತಿ ಮಾಡಿ.”

ಟಿಣ್. ಗಾಜಿನ ಎರಡು ರೆಕ್ಕೆಗಳು ತೆರೆದುಕೊಂಡವು. ಮನುಷ್ಯ ದಾಟಿದ. ಅವನ ಚಕ್ರದ ಪೆಟ್ಟಿಗೆ ದಾಟುವಷ್ಟರಲ್ಲಿ ರೆಕ್ಕೆಗಳು ಮುಚ್ಚಿಕೊಂಡು ಅದರ ಸೊಂಟ ಹಿಡಿದವು. ಅವಳು ಹೋಗಿ ಪೆಟ್ಟಿಗೆಯನ್ನು ಓರೆ ಮಾಡಿ, ಮೊಣಕಾಲಿನಿಂದ ಒಂದು ಏಟು ಕೊಟ್ಟು ಒಳಗೆ ತಳ್ಳಿದಳು. ಎಡ ಮೊಣಕಾಲಿನ ಮೇಲೆ ಅವಳಿಗೆ ಮಾಯದ ಒಂದು ನೀಲಿ ಗುರುತಿದೆ.

ಸ್ಟೇಷನ್ನಿನಲ್ಲಿ ಎಲ್ಲರೂ ಅವಳನ್ನು ಗೇಟಕ್ಕ ಎನ್ನುತ್ತಾರೆ. ದೂರದೂರಿನ ಗಾಡಿಗಳು ಹೊರಡುವ ಈ ಸ್ಟೇಷನ್ನಿಗೆ ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಸೇರಿದಳು, ಈಗ ನಲವತ್ತೊಂಬತ್ತು. ಆಗ ಇಲ್ಲಿ ಮರದ ಅಡ್ಡಪಟ್ಟಿಯಿತ್ತು, ಕೈಯಲ್ಲಿ ಟಿಕೆಟ್ ತೂತು ಮಾಡುವ ಕಬ್ಬಿಣದ ಚಿಮಟವಿತ್ತು. ಹನ್ನೊಂದು ಜನ ಸರದಿಯಲ್ಲಿ ನಿಲ್ಲುತ್ತಿದ್ದರು. ಟಿಕೆಟ್ ತೂತು ಮಾಡುವಾಗ ಮುಖ ನೋಡಲೇಬೇಕಿತ್ತು. ಅತ್ತು ಬಂದವರು, ಜಗಳವಾಡಿ ಬಂದವರು, ಮೊದಲ ಸಲ ಊರು ಬಿಡುತ್ತಿರುವವರು ಯಾರು ಎಂದು ಅವಳು ಕಂಡುಹಿಡಿಯುತ್ತಿದ್ದಳು. ಕಳಿಸಲು ಬಂದವರನ್ನೂ ಒಳಗೆ ಬಿಡುತ್ತಿದ್ದರು. ಈಗ ಬೀಳ್ಕೊಡುಗೆಯೆಲ್ಲ ಗಾಜಿನ ಈಚೆಗೇ ಮುಗಿಯಬೇಕು. ಜನ ರೆಕ್ಕೆಗಳ ಮೇಲೆ ಬಾಗಿ ತಬ್ಬಿಕೊಳ್ಳಲು ಹೋದರೆ ಗೇಟು ಕಿರುಚುತ್ತದೆ.

ಹನ್ನೊಂದು ಜನರಲ್ಲಿ ಉಳಿದದ್ದು ಇಬ್ಬರು. ಅವರ ಕುತ್ತಿಗೆಗೆ ಒಂದೊಂದು ಕಾರ್ಡು. ಅದನ್ನು ತಾಗಿಸಿದರೆ ಯಾವ ಗೇಟಾದರೂ ತೆರೆಯುತ್ತದೆ. ಹೀಗೆ ತೆರೆದದ್ದೆಲ್ಲ ಮೇಲಿನ ಕಚೇರಿಗೆ ಗೊತ್ತಾಗುತ್ತದೆ. ನಿಜವಾದ ಪ್ರಯಾಣಿಕರು ಸಿಕ್ಕಿಕೊಂಡರೆ ಕಾರ್ಡು ಬಳಸಬೇಕು ಎಂದು ನಿಯಮ. ಹೆಚ್ಚು ಬಳಸಬಾರದು ಎಂದು ಪತ್ರ. ಗೇಟಕ್ಕನಿಗೆ ಅಂಥ ಪತ್ರ ಎರಡು ಬಂದಿದ್ದವು. ಮೂರನೆಯದು ಬಂದರೆ ಪಾರ್ಸೆಲ್ ಗೋದಾಮಿಗೆ ಹಾಕುತ್ತಾರೆ. ಅಲ್ಲಿ ಕಿಟಕಿಯಿಲ್ಲ, ಮಾತಾಡಲು ಮನುಷ್ಯರಿಲ್ಲ. ಎರಡನೆಯ ಪತ್ರ ಬಂದ ದಿನದಿಂದ ಅವಳು ಕಾರ್ಡನ್ನು ಕುತ್ತಿಗೆಯಿಂದ ತೆಗೆದು ಕೋಟಿನ ಒಳಜೇಬಿಗೆ ಹಾಕಿಕೊಳ್ಳತೊಡಗಿದಳು. ಕಣ್ಣಿಗೆ ಬೀಳದಿದ್ದರೆ ಯಾರೂ ಕೇಳುವುದಿಲ್ಲ.

ದರ್ಜಿ ಬಂದದ್ದು ಆ ವಾರದಲ್ಲೇ.

ಎಪ್ಪತ್ತು ದಾಟಿದ ಮುದುಕ. ಎದೆಯ ಮೇಲೆ, ಅಂಗಿಗೆ ಚುಚ್ಚಿ ಮರೆತ ಎರಡು ಗುಂಡುಪಿನ್ನು. ಹನ್ನೊಂದು ಇಪ್ಪತ್ತರ ಗಾಡಿಗೆ ಹತ್ತೂ ನಲವತ್ತಕ್ಕೇ ಬಂದು, ಟಿಣ್ ಎನ್ನಿಸಿಕೊಂಡು ಒಳಗೆ ಹೋದ. ಸ್ವಲ್ಪ ಹೊತ್ತಿಗೆ ವಾಪಸ್ ಬಂದು ಗಾಜಿನ ಆಚೆಯಿಂದ ಕೇಳಿದ: “ತಾಯಿ, ಇಲ್ಲಿ ಬಚ್ಚಲಮನೆ ಎಲ್ಲಿ?”

“ಹೊರಗಡೆ ಇದೆ ಯಜಮಾನ್ರೇ. ಆ ಬಾಗಿಲು ತಳ್ಳಿ, ಬಲಗಡೆಗೆ ಹೋಗಿ.”

ಅವಳೇ ಕೈ ತೋರಿಸಿದಳು. ಹೊರಗೆ ಹೋಗುವ ಬಾಗಿಲು ತಳ್ಳಿದರೆ ತೆರೆಯುತ್ತದೆ. ಅದು ಯಾರನ್ನೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮುದುಕ ಮುಖ ತೊಳೆದು ಬಂದು ಟಿಕೆಟ್ ತೋರಿಸಿದ. ಬೊಂಯ್. ಮುಂದಿನ ಗೇಟಿಗೆ ಹೋದ. ಅಲ್ಲೂ ಬೊಂಯ್. ಪರದೆಯ ಮೇಲೆ ‘ಪ್ರಯಾಣಿಕರು ಒಳಗಿದ್ದಾರೆ’ ಎಂಬ ಅಕ್ಷರ.

“ನಾನು ಇಲ್ಲಿದ್ದೀನಲ್ಲ!” ಎಂದ ದರ್ಜಿ, ಗೇಟಿಗೆ. ಆಮೇಲೆ ಅವಳ ಕಡೆ ತಿರುಗಿದ. “ನನ್ನ ತಮ್ಮ ಆಸ್ಪತ್ರೇಲಿದ್ದಾನಮ್ಮ. ಇವತ್ತು ಕಳೆಯೋದು ಕಷ್ಟ ಅಂದಿದ್ದಾರೆ. ಎಂಟು ವರ್ಷದಿಂದ ಮಾತಿಲ್ಲ ನಮ್ಮಿಬ್ಬರಿಗೆ. ಅವನೇ ಕರೆಸಿದ್ದಾನೆ.”

ಹನ್ನೊಂದು ಐದಾಗಿತ್ತು. ಅವಳ ಕೈ ಕೋಟಿನವರೆಗೆ ಹೋಗಿ ನಿಂತಿತು.

“ನನ್ನ ಕೈಲಿ ಏನೂ ಇಲ್ಲ ಯಜಮಾನ್ರೇ. ವಿಚಾರಣೆ ಕೌಂಟರಿಗೆ ಹೋಗಿ ಚೀಟಿ ತನ್ನಿ, ಬೇಗ.”

ಕೌಂಟರಿನಲ್ಲಿ ಒಂಬತ್ತು ಜನರ ಸಾಲಿತ್ತು. ಅದು ಅವಳಿಗೆ ನಿಂತಲ್ಲಿಂದಲೇ ಕಾಣುತ್ತಿತ್ತು. ಹೊರಡುವುದಕ್ಕೆ ಎರಡು ನಿಮಿಷ ಮೊದಲು ಆ ಗಾಡಿಯ ಟಿಕೆಟುಗಳಿಗೆ ಗೇಟು ಬೀಗ ಹಾಕಿಕೊಳ್ಳುತ್ತದೆ. ಆಮೇಲೆ ಕಾರ್ಡೂ ನಡೆಯುವುದಿಲ್ಲ. ಮುದುಕ ಚೀಟಿ ಹಿಡಿದು ಓಡಿ ಬಂದಾಗ ಹನ್ನೊಂದು ಹತ್ತೊಂಬತ್ತು. ಅವನು ಕೂಗಲಿಲ್ಲ. ಗಾಜಿಗೆ ಅಂಗೈ ಒತ್ತಿ, ಗಾಡಿಯ ಕೊನೆಯ ಡಬ್ಬಿ ಸರಿದುಹೋಗುವ ತನಕ ನಿಂತಿದ್ದ. ಆಮೇಲೆ, ತಪ್ಪು ತನ್ನದೇ ಎನ್ನುವವನಂತೆ, “ಆ ಬಚ್ಚಲಿಗೆ ಹೋಗ್ಬಾರ್ದಿತ್ತು,” ಎಂದ.

ಅವನು ಸಂಜೆಯ ಗಾಡಿ ಹತ್ತಿ ಮರುದಿನ ಮುಟ್ಟಿದ. ತಮ್ಮ ಹಿಂದಿನ ದಿನವೇ ಹೋಗಿಬಿಟ್ಟಿದ್ದ.

ಗೇಟಕ್ಕನ ಮನೆ ಎರಡು ಕೋಣೆಯದು. ಜೊತೆಗಿರುವವಳು ತಂಗಿ, ಒಂದು ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸ. ಇಬ್ಬರೂ ದಿನವಿಡೀ ನಿಂತು ದುಡಿಯುವವರಾದ್ದರಿಂದ ಸಂಜೆ ಒಂದೇ ಬಕೆಟಿನ ಬಿಸಿನೀರಿನಲ್ಲಿ ನಾಲ್ಕು ಕಾಲು ಇಳಿಬಿಟ್ಟು ಕೂರುತ್ತಾರೆ. ತಂಗಿಯ ಬಾಯಿ ಸುಮ್ಮನಿರುವುದಿಲ್ಲ.

“ಏನಕ್ಕಾ, ಇವತ್ತು ನಿನ್ನ ಮುಖಕ್ಕೂ ಕೆಂಪು ದೀಪ ಹತ್ತಿದೆ? ಒಂದು ಹೆಜ್ಜೆ ಹಿಂದೆ ಬಂದು ಮತ್ತೆ ತೋರಿಸು.”

“ಸುಮ್ನಿರೇ.”

“ಆ ಮುದುಕಪ್ಪನ ವಿಷಯಾನಾ? ಒಂಬತ್ತು ದಿನ ಆಯ್ತಲ್ಲೇ. ನೀನೇನು ಬೇಕಂತ ಮಾಡಿದ್ಯಾ?”

ಗೇಟಕ್ಕ ಕಾಲಿನ ಹೆಬ್ಬೆರಳಿನಿಂದ ನೀರು ಕಲಕಿದಳು. “ಬೇಕಂತ್ಲೇ ಮಾಡಿದ್ದು ಕಣೇ. ಕೈ ಜೇಬಿನ ತನಕ ಹೋಗಿತ್ತು.”

ಸ್ವಲ್ಪ ಹೊತ್ತಿನಲ್ಲಿ ನೀರು ತಣ್ಣಗಾಯಿತು.

ಮರುದಿನ ಬೆಳಿಗ್ಗೆ ಸೂಪರ್‌ವೈಸರ್ ಅವಳನ್ನು ಕರೆಸಿದ. ಅವಳಿಗಿಂತ ಇಪ್ಪತ್ತು ವರ್ಷ ಚಿಕ್ಕವನು, ಕೆಟ್ಟವನಲ್ಲ. ಅವನ ಕೋಣೆಯ ಗಾಜಿನಿಂದ ಹೊರಗಿನ ಬೆಂಚು ಕಾಣುತ್ತಿತ್ತು. ಬೆಂಚಿನ ಮೇಲೆ ದರ್ಜಿ ಕೂತಿದ್ದ.

“ಪುಣ್ಯಾತ್ಮ ದುಡ್ಡು ಕೇಳ್ತಿಲ್ಲ, ಯಾರ ಮೇಲೂ ದೂರು ಹೇಳ್ತಿಲ್ಲ,” ಎಂದ ಸೂಪರ್‌ವೈಸರ್. “ಹೊತ್ತಿಗೆ ಸರಿಯಾಗಿ ಬಂದಿದ್ದೆ ಅಂತ ಒಂದು ಕಾಗದ ಬೇಕಂತೆ. ತಮ್ಮನ ಹೆಂಡ್ತಿ ಇವ್ರನ್ನ ಮನೆಯೊಳಗೆ ಬಿಡ್ತಿಲ್ಲವಂತೆ. ‘ಎಂಟು ವರ್ಷದ ಹಗೆ ತೀರಿಸಿಕೊಂಡ್ರಿ, ಬೇಕಂತ್ಲೇ ಗಾಡಿ ತಪ್ಪಿಸಿಕೊಂಡ್ರಿ’ ಅಂತಾಳಂತೆ.”

“ಕೊಡೋಣ ಸಾರ್. ಬಂದಿದ್ದು ನಿಜ ತಾನೆ.”

“ಟೈಪ್ ಮಾಡಿಸಿದ್ದೀನಿ. ಕೆಲಸದಲ್ಲಿದ್ದವರು ನೀವು, ನಿಮ್ಮ ರುಜು ಬೇಕು.”

ಅವಳು ಓದಿದಳು. ‘ದಾಖಲೆಯ ಪ್ರಕಾರ ಪ್ರಯಾಣಿಕರು ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಗೇಟು ದಾಟಿ ಒಳಗೆ ಹೋಗಿದ್ದಾರೆ. ಹೊರಗೆ ಬಂದ ದಾಖಲೆಯಿಲ್ಲ. ರೈಲು ಹತ್ತದೇ ಇದ್ದದ್ದು ಅವರ ಸ್ವಂತ ನಿರ್ಧಾರ.’

“ಇದನ್ನ ತೋರಿಸಿದ್ರೆ ಆ ಹೆಂಗಸು ಹೇಳಿದ್ದೇ ನಿಜ ಆಗುತ್ತಲ್ಲ ಸಾರ್.”

“ಯಂತ್ರ ಹೇಳೋದು ಇಷ್ಟೇ ಅಲ್ವೇನಮ್ಮ? ಬೇರೆ ಏನಾದ್ರೂ ಬರೆದ್ರೆ ಮೇಲಿನವರು ಕೇಳ್ತಾರೆ: ಅವ್ರು ಹೊರಗೆ ಸಿಕ್ಕಿಕೊಂಡಿದ್ದು ಗೊತ್ತಿದ್ದೂ ಕಾರ್ಡ್ ಯಾಕೆ ಹಾಕ್ಲಿಲ್ಲ ಅಂತ. ಆಗ ಏನು ಹೇಳ್ತೀರಿ? ಪತ್ರಕ್ಕೆ ಹೆದರಿದೆ ಅಂತೀರಾ? ಆ ಪತ್ರಕ್ಕೆ ರುಜು ಹಾಕಿದ್ದು ನಾನೇ. ನಿಮ್ಮನ್ನ ಗೋದಾಮಿಗೆ ಕಳಿಸೋಕೆ ನನಗೇನು ಹುಚ್ಚಾ?”

ಅವಳು ಆ ಹಾಳೆಯನ್ನು ಮೇಜಿನ ಮೇಲಿಟ್ಟು ಹಿಂಬದಿಗೆ ತಿರುಗಿಸಿದಳು. ಸೂಪರ್‌ವೈಸರನ ಪೆನ್ನನ್ನೇ ತೆಗೆದುಕೊಂಡು, ನಿಂತುಕೊಂಡೇ ಬರೆದಳು. ಅವನು “ಬೇಡಮ್ಮ, ಬೇಡ,” ಎನ್ನುತ್ತಲೇ ಇದ್ದ. ಪೆನ್ನು ಮಾತ್ರ ಕಿತ್ತುಕೊಳ್ಳಲಿಲ್ಲ.

ಬೆಂಚಿನ ಹತ್ತಿರ ಹೋಗಿ ಅವಳು ಹಾಳೆ ಕೊಟ್ಟಳು. ದರ್ಜಿ ಕನ್ನಡಕ ಏರಿಸಿ, ಬಟ್ಟೆ ಅಳೆಯುವವನಂತೆ ಸಾಲಿನ ಮೇಲೆ ಬೆರಳಿಟ್ಟು ಓದಿದ. ‘ಇವರು ಹೊತ್ತಿಗೆ ಮುಂಚೆಯೇ ಬಂದಿದ್ದರು. ಬಚ್ಚಲಿಗೆಂದು ಹೊರಗೆ ಕಳಿಸಿದ್ದು ನಾನು. ಹನ್ನೊಂದು ಐದಕ್ಕೆ ಇವರು ನನ್ನ ಮುಂದೆ ನಿಂತಿದ್ದರು. ಗೇಟು ತೆರೆಯುವ ಕಾರ್ಡು ನನ್ನ ಬಳಿ ಇತ್ತು. ನಾನು ತೆರೆಯಲಿಲ್ಲ.’ ಕೆಳಗೆ ರುಜು, ತಾರೀಖು.

“ದೇವರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ ತಾಯಿ,” ಎಂದ. “ಇದು ಸಾಕು. ಇದನ್ನ ಓದಿದ್ರೆ ಅವಳು ಬಾಗಿಲು ತೆಗೀತಾಳೆ.” ಹಾಳೆಯನ್ನು ಎರಡು ಮಡಿಕೆ ಮಾಡಿದ. ಮತ್ತೆ ಬಿಚ್ಚಿದ. ಬೆರಳು ಕೊನೆಯ ಎರಡು ಸಾಲುಗಳ ಮೇಲೆ ನಿಂತಿತು.

“ಕಾರ್ಡ್ ಇತ್ತಾ ನಿಮ್ಮ ಹತ್ರ?”

“ಇತ್ತು.”

“ಹಾಕಿದ್ರೆ ತೆರೀತಿತ್ತಾ?”

“ತೆರೀತಿತ್ತು.”

ದರ್ಜಿ ತಲೆಯಾಡಿಸಿದ. ಸಿಟ್ಟು ಬರುತ್ತದೆಂದು ಅವಳು ಕಾದಳು, ಬರಲಿಲ್ಲ. ಅವನು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದ.

“ಆ ಗಾಡಿ ಅಲ್ಲಿಗೆ ಎಷ್ಟು ಹೊತ್ತಿಗೆ ಮುಟ್ಟುತ್ತಮ್ಮ?”

“ನಾಲ್ಕೂ ನಲವತ್ತಕ್ಕೆ.”

“ಸ್ಟೇಷನ್ನಿಂದ ಆಸ್ಪತ್ರೆ ಹತ್ರವೇ. ನಡ್ಕೊಂಡು ಹೋದ್ರೂ ಹದಿನೈದು ನಿಮಿಷ. ಇಪ್ಪತ್ತು ಅಂತಿಟ್ಕೊಳ್ಳಿ, ನನ್ನ ಕಾಲಿಗೆ. ಐದು ಗಂಟೆ ಆಯ್ತಲ್ಲ?” ಅವನು ಅವಳನ್ನು ನೋಡುತ್ತಿರಲಿಲ್ಲ, ಕನ್ನಡಕದ ಗಾಜನ್ನೇ ನೋಡುತ್ತಿದ್ದ. “ಅವನು ಹೋಗಿದ್ದು ಆರಕ್ಕೆ. ಕೊನೇ ತನಕ ಮಾತಾಡ್ತಿದ್ದನಂತೆ. ಅಂದ್ರೆ ಐದರಿಂದ ಆರು. ಪೂರ್ತಿ ಒಂದು ಗಂಟೆ. ಒಂದು ಗಂಟೇಲಿ ನಾವಿಬ್ರೂ ಎಷ್ಟೊಂದು…”

ಗೇಟಕ್ಕ ತಿರುಗಿ ನಡೆದಳು. ಬೆನ್ನ ಹಿಂದೆ ಅವನು ಇನ್ನೂ ಮಾತಾಡುತ್ತಿದ್ದ. ಅವಳು ಹೋದದ್ದು ಅವನಿಗೆ ತಿಳಿದಂತಿರಲಿಲ್ಲ.