ತುಕ್ಕಿನ ಡ್ರಮ್ಮು

ಮೆಕ್ಕೆಜೋಳ ನೆನೆಸಿ ಪಿಷ್ಟ ತೆಗೆಯುವ ಆ ಕಾರ್ಖಾನೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಎಲ್ಲರಿಗೂ ಅವಳು ಮೂಗಿನಕ್ಕ. ಹತ್ತೊಂಬತ್ತು ವರ್ಷದಿಂದ ಪ್ರಯೋಗಾಲಯದಲ್ಲಿ ಸೀಸೆ ತೊಳೆಯುತ್ತಿದ್ದಳು. ಹೊಲಸು ನೀರಿನ ಸೀಸೆಯ ಮುಚ್ಚಳ ತೆಗೆದದ್ದೇ ತಡ, "ಇವತ್ತು ತೊಟ್ಟಿಗೆ ಅಜೀರ್ಣ ಆಗಿದೆ ಕಣ್ರೇ" ಅನ್ನುವಳು. ರಸಾಯನಶಾಸ್ತ್ರ ಓದಿದ ಹುಡುಗಿಯರು ಎರಡು ಗಂಟೆ ಪರೀಕ್ಷೆ ಮಾಡಿ ಅದನ್ನೇ ಅಂಕಿಯಲ್ಲಿ ಬರೆದುಕೊಡುವರು.

ಕಾರ್ಖಾನೆಯ ಹೊಲಸು ನೀರೆಲ್ಲ ಮೊದಲು ಎರಡಾಳು ಆಳದ ಒಂದು ಗುಂಡಿಗೆ ಬೀಳುತ್ತಿತ್ತು. ಅಲ್ಲಿಂದ ಪಂಪು ಅದನ್ನು ಮುಚ್ಚಿದ ತೊಟ್ಟಿಗೆ ತಳ್ಳಬೇಕು. ತೊಟ್ಟಿಯ ಸೂಕ್ಷ್ಮಜೀವಿಗಳು ಹೊಲಸು ತಿಂದು ಗ್ಯಾಸ್ ಬಿಡಬೇಕು, ಆ ಗ್ಯಾಸ್ ಬಾಯ್ಲರಿನಲ್ಲಿ ಉರಿಯಬೇಕು. ಕೇಳುವುದಕ್ಕೆ ಚೆಂದ. ಆದರೆ ಆ ಗುಂಡಿಯಲ್ಲಿ ಕೊಳೆತ ಮೊಟ್ಟೆಯ ವಾಸನೆಯ ವಿಷಗಾಳಿ ಮಡುಗಟ್ಟಿರುತ್ತಿತ್ತು. ಪಂಪಿನ ಬಾಯಿಗೆ ಜೋಳದ ಸಿಪ್ಪೆ ಸಿಕ್ಕಿಕೊಂಡಾಗ ಏಣಿ ಹಿಡಿದು ಇಳಿಯಬೇಕಾದವನು ಅವಳ ಮೈದುನ. ಅಣ್ಣ ತೀರಿಕೊಂಡ ಮೇಲೂ ಅತ್ತಿಗೆಯನ್ನು ಬೇರೆ ಇಡದೆ, ಎರಡು ಕೋಣೆಯ ಮನೆಯಲ್ಲಿ ಹೆಂಡತಿ ಮಗಳ ಜೊತೆ ಒಂದೇ ಒಲೆಯಲ್ಲಿ ಉಂಡವನು.

"ವಾಸನೆ ಜೋರಾದ್ರೆ ಮೇಲೆ ಬಂದುಬಿಡು," ಅಂತ ಅವಳು ಹೇಳಿಕೊಟ್ಟಿದ್ದಳು. "ಬರ್ತಿದ್ದ ವಾಸನೆ ಥಟ್ಟಂತ ನಿಂತರಂತೂ ಹಿಂದೆಮುಂದೆ ನೋಡಬೇಡ. ಮೂಗು ಸತ್ತಿದೆ ಅಂತ ಅರ್ಥ. ಆಮೇಲಿನ ಸರದಿ ನಿನ್ನದು."

"ನಿಮ್ಮ ಮೂಗು ನಂಗೆ ಸಾಲ ಕೊಡಿ ಅತ್ತಿಗೆ," ಅಂತ ಅವನು ನಗುತ್ತಿದ್ದ.

ಒಂದು ದಿನ ಲೇತ್ ಶೆಡ್ಡಿನವರು ತುಕ್ಕು ಹಿಡಿದ ಕಬ್ಬಿಣದ ಸಿಪ್ಪೆಯ ಬಕೆಟ್ಟೊಂದನ್ನು ಗುಂಡಿಯ ಬಾಯಲ್ಲಿ ಮರೆತು ಹೋದರು. ನಾಲ್ಕು ದಿನದಲ್ಲಿ ಕೆಂಪು ತುಕ್ಕು ಇದ್ದಿಲಿನಷ್ಟು ಕಪ್ಪಾಯಿತು. ಮೂಗಿನಕ್ಕ ಅದನ್ನು ಬಯಲಿನಲ್ಲಿ ಹರಡಿ ನೀರು ಚಿಮುಕಿಸಿದಳು. ಮೂರೇ ದಿನಕ್ಕೆ ಮತ್ತೆ ಕೆಂಪು!

"ಈ ತುಕ್ಕು ಆ ವಿಷಾನ ನುಂಗ್ತಿದೆ ಕಣೋ. ಗಾಳಿಗೆ ಇಟ್ಟರೆ ಮತ್ತೆ ಹಸಿವಾಗ್ತದೆ," ಅಂದಳು ಮೈದುನನಿಗೆ.

ಇಬ್ಬರೂ ಸೇರಿ ಗುಜರಿಯಿಂದ ಒಂದು ಡ್ರಮ್ಮು ತಂದರು. ಬಡಗಿಯ ಹತ್ತಿರ ಕೀಸುಳಿಯಿಂದ ಉದುರಿದ ಮರದ ಹೆರೆ ಕೇಳಿ ತಂದು, ತುಕ್ಕಿನ ಜೊತೆ ಕಲಸಿ, ಒದ್ದೆ ಮಾಡಿ ತುಂಬಿದರು. ಒಂದು ಹಳೇ ಫ್ಯಾನು ಗುಂಡಿಯ ಗಾಳಿಯನ್ನು ಎಳೆದು ಡ್ರಮ್ಮಿನೊಳಕ್ಕೆ ಊದುವ ಹಾಗೆ ಕೊಳವೆ ಜೋಡಿಸಿದರು. ಪ್ರಯೋಗಾಲಯದಲ್ಲಿ ಅವಧಿ ಮುಗಿದು ಕಸಕ್ಕೆ ಹೋಗಬೇಕಿದ್ದ ಕಾಗದದ ಪಟ್ಟಿಗಳಿದ್ದವು. ಆ ವಿಷಗಾಳಿ ತಾಕಿದರೆ ಕಪ್ಪಾಗುವಂಥವು. ಅವಳು ದಿನಾ ಒಂದು ಪಟ್ಟಿಯನ್ನು ಗುಂಡಿಯೊಳಗೆ ದಾರದಲ್ಲಿ ಇಳಿಬಿಟ್ಟು, ತೆಗೆದು, ಹಳೇ ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಅಂಟಿಸಿದಳು. ಡ್ರಮ್ಮು ಬಂದ ವಾರದಿಂದ ಪಟ್ಟಿಗಳು ಬಿಳಿ.

ದೊಡ್ಡ ಎಂಜಿನಿಯರು ಬಂದು ನೋಡಿದ. ತಲೆಯಾಡಿಸಿದ. ಫೋಟೋ ತೆಗೆದುಕೊಂಡ. ಎರಡು ತಿಂಗಳಿಗೆ ಅವನದೊಂದು ಭಾಷಣವಾಯಿತು, ಹಾರವಾಯಿತು, ಪತ್ರಿಕೆಯಲ್ಲಿ 'ನನ್ನ ಆವಿಷ್ಕಾರ' ಅಂತ ಬಂತು. ಮೈದುನನಿಗೆ ಮೈಯೆಲ್ಲ ಉರಿಯಿತು. ಮೂಗಿನಕ್ಕ ಮಾತ್ರ, "ಹೋಗ್ಲಿ ಬಿಡೋ. ಹೆಸರು ಅವನದಿರಲಿ, ಉಸಿರು ನಿನ್ನದಿರಲಿ," ಅಂದಳು.

ಅಲ್ಲೇ ಅವಳು ಎಡವಿದ್ದು. ಒಂದು ಸೋಮವಾರ ನೋಡಿದರೆ ಗುಂಡಿಯ ಬಳಿ ಡ್ರಮ್ಮಿಲ್ಲ, ಫ್ಯಾನಿಲ್ಲ. ಅತಿಥಿಗೃಹದ ಕಿಟಕಿಯ ಕೆಳಗೆ, ಹಸಿರು ಬಣ್ಣ ಬಳಿಸಿಕೊಂಡು, ಚರಂಡಿಯ ವಾಸನೆ ಹೀರುತ್ತ ನಿಂತಿತ್ತು! ಬಂಡವಾಳ ಹಾಕುವವರು ಬಂದು ಇಳಿದುಕೊಳ್ಳುತ್ತಾರಂತೆ, ಅವರಿಗೆ ನಾತ ಬಡಿಯಬಾರದಂತೆ.

"ಸಾರ್, ಗುಂಡಿಗೆ?" ಅಂತ ಎಂಜಿನಿಯರನ್ನು ಕೇಳಿದಳು.

"ಹದಿನೈದು ದಿನ ತಡ್ಕೊಳ್ಳಮ್ಮಾ. ಇಷ್ಟು ವರ್ಷ ಡ್ರಮ್ಮಿತ್ತಾ?"

ಅವಳು ಪಟ್ಟಿ ಇಳಿಬಿಡುವುದನ್ನು ನಿಲ್ಲಿಸಲಿಲ್ಲ. ಬಿಳಿ ಹೋಗಿ ಕಂದಾಯಿತು, ಕಂದು ಹೋಗಿ ಕಪ್ಪಾಯಿತು. ದಿನಾ ಕಚೇರಿಯ ಬಾಗಿಲಿಗೆ ಹೋಗಿ ತೋರಿಸಿದಳು. ಗೋರ್ಕಲ್ಲ ಮೇಲೆ ಮಳೆ ಸುರಿದಂತೆ. ಒಂಬತ್ತನೇ ದಿನ ಪಂಪು ಕಟ್ಟಿಕೊಂಡಿತು. ಮೇಸ್ತ್ರಿ ಅವಸರ ಮಾಡಿದ, ಮೈದುನ ಇಳಿದ. ಐದು ಮೆಟ್ಟಿಲು ಇಳಿಯುವಷ್ಟರಲ್ಲಿ ಕೈ ಬಿಟ್ಟ. ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳುವ ಹಾಗೆ ಅತ್ತಿಗೆ ಆಣೆ ಹಾಕಿಸಿದ್ದಳು. ಅದರಿಂದಲೇ ನಾಲ್ವರು ಅವನನ್ನು ಮೇಲೆಳೆದರು. ಜೀವ ಉಳಿಯಿತು. ಆದರೆ ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದು ಬಂದವನಿಗೆ ಹತ್ತು ಹೆಜ್ಜೆ ನಡೆದರೆ ಏದುಸಿರು. ಒಗ್ಗರಣೆ ಸೀದರೂ ಗೊತ್ತಾಗುತ್ತಿರಲಿಲ್ಲ.

ಎಂಜಿನಿಯರು ವರದಿ ಬರೆದ: 'ಕೆಲಸಗಾರ ಯಾರನ್ನೂ ಕೇಳದೆ ಅಜಾಗರೂಕತೆಯಿಂದ ಇಳಿದ.' ಅದನ್ನು ಓದಿದ ದಿನ ಮೂಗಿನಕ್ಕ ಅಳಲಿಲ್ಲ. ತೊಳೆದಿಟ್ಟ ಸೀಸೆಗಳನ್ನು ಹಾಗೇ ಬಿಟ್ಟು, ನೋಟ್‌ಬುಕ್ಕು ಸೆರಗಿನಲ್ಲಿ ಸುತ್ತಿಕೊಂಡು ಅತಿಥಿಗೃಹದ ಕಡೆ ನಡೆದಳು.

ಸುರಕ್ಷತಾ ಇಲಾಖೆಯ ಅಧಿಕಾರಿ ಅವತ್ತು ಬಂದಿದ್ದಳು. ಎಂಜಿನಿಯರು ಅವಳನ್ನು ಹಸಿರು ಡ್ರಮ್ಮಿನ ಮುಂದೆ ನಿಲ್ಲಿಸಿ ತನ್ನ ಆವಿಷ್ಕಾರ ವಿವರಿಸುತ್ತಿದ್ದ.

"ಕಬ್ಬಿಣದ ತುಕ್ಕು ಈ ಗಾಳಿ ಹಿಡಿಯುತ್ತೆ ಅನ್ನೋದು ಹೊಸದೇನಲ್ಲವಲ್ಲ," ಅಂದಳು ಅಧಿಕಾರಿ. "ನೂರು ವರ್ಷದಿಂದ ಪುಸ್ತಕದಲ್ಲಿದೆ."

ಎಂಜಿನಿಯರು ಕಕ್ಕಾಬಿಕ್ಕಿಯಾಗಿ, "ಹೌದು ಮೇಡಂ, ತತ್ವ ಗೊತ್ತಿದ್ದದ್ದೇ, ನಾವೂ ಕಾಲೇಜಲ್ಲಿ ಓದಿದ್ವಿ," ಅಂದ.

ಮೂಗಿನಕ್ಕನಿಗೆ ನೆತ್ತರು ನೆತ್ತಿಗೇರಿತು. ಕದ್ದದ್ದನ್ನು ಸಹಿಸಿದ್ದಳು. ಇದನ್ನು ಹೇಗೆ ಸಹಿಸುವುದು?

"ಗೊತ್ತಿತ್ತಾ?" ಅಂದಳು. "ಗೊತ್ತಿದ್ದೂ ಹನ್ನೊಂದು ವರ್ಷ ಅವನನ್ನ ಅದರೊಳಗೆ ಇಳಿಸಿದ್ರಾ? ನಂಗೆ ಗೊತ್ತಿರಲಿಲ್ಲ, ಬಕೆಟ್ಟು ನೋಡಿ ಕಲಿತೆ. ನೀವು ಓದಿ, ಪಾಸಾಗಿ, ಸುಮ್ಮನಿದ್ರಿ! ನಾವು ಮಾಡಿದ್ದನ್ನೂ ಕಿತ್ಕೊಂಡು ಬಂದು ನೆಂಟರ ಕಿಟಕಿಗೆ ಇಟ್ರಿ!"

"ಏ, ಯಾರಮ್ಮ ನೀನು, ಹೋಗಾಚೆ—"

"ಮಾತಾಡೋಕೆ ಬಿಡಿ," ಅಂದಳು ಅಧಿಕಾರಿ, ನೋಟ್‌ಬುಕ್ಕಿಗೆ ಕೈ ಚಾಚುತ್ತ. ಪುಟ ತಿರುವಿದಳು. ಬಿಳಿ, ಬಿಳಿ, ಬಿಳಿ. ಡ್ರಮ್ಮು ಎತ್ತಿಕೊಂಡು ಹೋದ ತಾರೀಖು. ಕಂದು. ಕಪ್ಪು. ಕೊನೆಯ ಪಟ್ಟಿಯ ಪಕ್ಕ ಸೊಟ್ಟ ಅಕ್ಷರದಲ್ಲಿ 'ಇವತ್ತೂ ತೋರಿಸಿದೆ, ನೋಡಲಿಲ್ಲ' ಅಂತಿತ್ತು.

ಅಂದೇ ಗುಂಡಿಗೆ ಬೀಗ ಬಿತ್ತು. ವಾರದೊಳಗೆ ಎರಡು ಡ್ರಮ್ಮು, ಹೊಸ ಫ್ಯಾನು ಬಂದವು. ಮನುಷ್ಯರು ಇಳಿಯದೆ ಪಂಪನ್ನೇ ಸರಪಳಿಯಿಂದ ಮೇಲೆತ್ತುವ ಏರ್ಪಾಡಾಯಿತು. ವರದಿಯ ಆ ಸಾಲು ಹೊಡೆದುಹಾಕಿ ತಪ್ಪು ಆಡಳಿತದ್ದು ಅಂತ ಬರೆದರು. ಮೈದುನನಿಗೆ ಉಗ್ರಾಣದಲ್ಲಿ ಕೂತು ಮಾಡುವ ಕೆಲಸ ಸಿಕ್ಕಿತು. ಎಂಜಿನಿಯರಿಗೆ? ಇನ್ನೊಂದು ಕಾರ್ಖಾನೆಗೆ ವರ್ಗ, ಅದೂ ಬಡ್ತಿಯ ಮೇಲೆ!

ಆಡಳಿತದವರು ಮೂಗಿನಕ್ಕನಿಗೆ ಒಂದು ಶಾಲು, ಪ್ರಶಸ್ತಿಪತ್ರ ತಂದರು. "ಇದನ್ನ ನನ್ನ ಮೈದುನನ ಎದೆಗೆ ಹೊದಿಸಿ, ಉಸಿರು ವಾಪಸ್ ಬರುತ್ತಾ ನೋಡಿ," ಅಂದು ಅವಳು ಮುಟ್ಟಲೂ ಇಲ್ಲ.

ಈಗ ಅದೇ ರಸ್ತೆಯ ಚರ್ಮದ ಕಾರ್ಖಾನೆಯಿಂದ, ಕಾಗದದ ಗಿರಣಿಯಿಂದ ಗುಂಡಿಗಿಳಿಯುವವರ ಹೆಂಡತಿಯರು, ಅಕ್ಕತಂಗಿಯರು ರಜೆಯ ದಿನ ಅವಳ ಮನೆಗೆ ಬರುತ್ತಾರೆ. ಅವಳು ಅಡುಗೆಮನೆಯ ನೆಲದ ಮೇಲೆ ಹೆರೆ, ತುಕ್ಕು ಕಲಸಿ ತೋರಿಸುತ್ತಾಳೆ. ಯಾವಾಗ ಬದಲಿಸಬೇಕು, ಯಾಕೆ ಒಣಗಲು ಬಿಡಬಾರದು, ಒಣಗಿದರೆ ಹೇಗೆ ಬೆಂಕಿ ಹತ್ತುತ್ತದೆ, ಎಲ್ಲ ಬಿಡಿಸಿ ಹೇಳುತ್ತಾಳೆ. ಕೊನೆಗೆ ಒಂದು ಮಾತು: "ಡ್ರಮ್ಮಿಗೆ ಸರಪಳಿ ಹಾಕಿ ಬೀಗ ಜಡೀರಿ. ಎತ್ಕೊಂಡು ಹೋಗೋ ಮನೆಹಾಳರು ಎಲ್ಲಾ ಕಡೆ ಇರ್ತಾರೆ."