ಓದದೆ ಒತ್ತಿದ ಮುದ್ರೆ, ಫುಮಿ ಸಾನ್ ಮೊಣಕಾಲು

ಕಳೆದ ತಿಂಗಳು ನಾನು ಓದದೆ ಒಂದು ಕಾಗದಕ್ಕೆ ಮುದ್ರೆ ಒತ್ತಿದೆ. ಅದರ ಫಲ ಏನು ಗೊತ್ತೇ? ಊರಲ್ಲಿ ಯಾರಾದರೂ ದಿಢೀರನೆ ಸತ್ತರೆ ಹೆಣ ನೋಡುವ ಡಾಕ್ಟರನ್ನು ಹೇಗೆ ನೇಮಿಸಬೇಕು ಎಂದು ಮೂವತ್ತು ಜನ ಜಪಾನಿಯರ ಮುಂದೆ ನಿಂತು ಮಾತಾಡಬೇಕಾಯಿತು.

ನಗಬೇಡಿ. (ನಕ್ಕರೂ ಪರವಾಗಿಲ್ಲ. ನನ್ನ ಮಗಳು ಇನ್ನೂ ನಗುತ್ತಿದ್ದಾಳೆ.)

ನಾನು ಕೆಲಸ ಮಾಡುವುದು ಜಪಾನಿನ ನೋಮಿ ಎಂಬಲ್ಲಿನ ಯೂನಿವರ್ಸಿಟಿ ಲ್ಯಾಬಿನಲ್ಲಿ. ಮನೆ ಇರುವುದು ಅಲ್ಲಿಂದ ಕಾರಿನಲ್ಲಿ ಮುಕ್ಕಾಲು ಗಂಟೆ ದೂರದ ಸಣ್ಣ ಊರಿನಲ್ಲಿ. ಈ ಊರಲ್ಲಿ ವಾರಕ್ಕೊಮ್ಮೆ ಒಂದು ಕ್ಲಿಪ್‌ಬೋರ್ಡ್ ಮನೆಯಿಂದ ಮನೆಗೆ ಸುತ್ತುತ್ತದೆ. ಕೈರಾನ್‌ಬಾನ್ ಎಂದು ಅದರ ಹೆಸರು. ಕಸ ಯಾವ ದಿನ, ಕಾಲುವೆ ಕ್ಲೀನಿಂಗ್ ಯಾವ ದಿನ, ಕರಡಿ ಎಲ್ಲಿ ಕಾಣಿಸಿತು, ಎಲ್ಲ ಅದರಲ್ಲೇ. ಓದಿ, ನಮ್ಮ ಹೆಸರಿನ ಮುಂದೆ ಪುಟ್ಟ ಮುದ್ರೆ ಒತ್ತಿ, ಪಕ್ಕದ ಮನೆಗೆ ದಾಟಿಸಬೇಕು. ಐದು ವರ್ಷದಿಂದ ದಾಟಿಸುತ್ತಿದ್ದೇನೆ. ಓದುವುದನ್ನು ಯಾವಾಗ ನಿಲ್ಲಿಸಿದೆನೋ ನೆನಪಿಲ್ಲ.

ಆ ವಾರದ ಹಾಳೆಯಲ್ಲಿ ಎರಡು ಕಾಲಂ ಇದ್ದವು. ಒಂದು, ‘ಓದಿದ್ದೇನೆ’. ಇನ್ನೊಂದು, ‘ಸಭೆಯಲ್ಲಿ ಮಾತಾಡುತ್ತೇನೆ’. ನಾನು ಧಾರಾಳವಾಗಿ ಎರಡಕ್ಕೂ ಒತ್ತಿದ್ದೆ.

ಪಕ್ಕದ ಮನೆಯ ಫುಮಿ ಸಾನ್ ಕ್ಲಿಪ್‌ಬೋರ್ಡ್ ಹಿಡಿದು ವಾಪಸ್ ಬಂದರು. (‘ಸಾನ್’ ಎಂದರೆ ಹೆಸರಿನ ಜೊತೆ ನಾವು ಹೇಳುವ ‘ಅವರು’ ಇದ್ದ ಹಾಗೆ.) ಎಂಬತ್ತೊಂದು ವರ್ಷ, ಮಕ್ಕಳಿಲ್ಲ, ನಾಲಿಗೆ ಮಾತ್ರ ಹದಿನೆಂಟರದ್ದು. ಸೊಂಟದವರೆಗೆ ಬಗ್ಗಿ, “ರತ್ನಾ ಸಾನ್, ಇಡೀ ಬೀದಿಗೆ ಮಾತಾಡ್ತೀನಿ ಅಂದವರು ನೀವೊಬ್ಬರೇ. ಎಂಥ ಧೈರ್ಯ!” ಎಂದರು.

ನನ್ನ ಮಗಳು ಅನು ಹಾಳೆ ಓದಿ ನನ್ನ ಮುಖ ನೋಡಿದಳು. “ಅಮ್ಮಾ, ಯು ಡಿಡ್ನಾಟ್ ರೀಡ್ ಇಟ್? ಯೂ?”

ಆ ಎರಡನೇ ‘ಯೂ’ ಚುಚ್ಚಿತು. ಏಕೆಂದರೆ ಓದದೆ ಎಲ್ಲೂ ಸಹಿ ಹಾಕಬಾರದು ಎನ್ನುವುದು ನನ್ನ ಬದುಕಿನ ಒಂದನೇ ನಿಯಮ. ಅದಕ್ಕೆ ಕಾರಣ ನನ್ನಪ್ಪ.

ಅಪ್ಪನದು ನಮ್ಮೂರ ಬಸ್‌ಸ್ಟ್ಯಾಂಡ್ ಎದುರು ಇಸ್ತ್ರಿ ಅಂಗಡಿ. ಕೆರೆಯಲ್ಲೋ ಬಾವಿಯಲ್ಲೋ ಹೆಣ ಸಿಕ್ಕರೆ ಪೊಲೀಸರಿಗೆ ಪಂಚನಾಮೆಗೆ ಸಾಕ್ಷಿಗಳು ಬೇಕು. ಜೀಪು ಕಂಡರೆ ಸಾಕು, ಟೀ ಕುಡಿಯುತ್ತಿದ್ದವರು ಲೋಟ ಬಿಟ್ಟು ಮಾಯ. ಅಪ್ಪ ಎಲ್ಲಿ ಓಡಬೇಕು? ಪೆಟ್ಟಿಗೆಯಲ್ಲಿ ನಿಗಿನಿಗಿ ಕೆಂಡ, ಅದರಡಿ ಮೇಷ್ಟ್ರ ಬಿಳಿ ಅಂಗಿ. ಹಾಗಾಗಿ ಊರಿನ ಕಾಯಂ ಪಂಚ ಅಪ್ಪನೇ. ಓದಲು ಬಾರದು. ಏನು ಬರೆದಿದ್ದಾರೋ ಕೇಳದೆ ಹೆಬ್ಬೆಟ್ಟು ಒತ್ತಿ ಬರುತ್ತಿದ್ದ. ಆ ಮಸಿ ಪೂರ್ತಿ ಹೋಗುವವರೆಗೆ ಬಿಳಿ ಬಟ್ಟೆ ಮುಟ್ಟುತ್ತಿರಲಿಲ್ಲ.

ನನಗೆ ಆ ಮಸಿ ಕಂಡರೆ ಮೈ ಉರಿಯುತ್ತಿತ್ತು. ಆ ಉರಿಯಲ್ಲೇ ಓದಿದೆ. ನಮ್ಮ ಮನೆತನದಲ್ಲಿ ಮೊದಲ ಡಿಗ್ರಿ ನನ್ನದು. ಯಾರೂ ಎತ್ತಿ ಕೊಟ್ಟದ್ದಲ್ಲ. ಅಂಗಡಿಯ ಬಲ್ಬಿನ ಕೆಳಗೆ, ಇಸ್ತ್ರಿ ಬಟ್ಟೆಯ ಹಬೆಯಲ್ಲಿ ಕೂತು ಸಂಪಾದಿಸಿದ್ದು. (ಬಸ್ಸಿನ ನೂಕುನುಗ್ಗಲಲ್ಲಿ ಮಡಚಿಹೋದ ಮಾರ್ಕ್ಸ್ ಕಾರ್ಡನ್ನು ಅಪ್ಪ ಮೇಲೊಂದು ಪಂಚೆ ಹಾಸಿ ಇಸ್ತ್ರಿ ಮಾಡಿಕೊಟ್ಟ. ಇವತ್ತಿಗೂ ಗರಿಗರಿಯಾಗಿದೆ.)

ಅಂಥ ನಾನು ಓದದೆ ಒತ್ತಿದ್ದೆ. ಹೆಬ್ಬೆಟ್ಟಿಗೂ ಈ ಮುದ್ರೆಗೂ ಏನು ವ್ಯತ್ಯಾಸ ಹೇಳಿ?

ಸರಿ, ಹಾಳೆಯಲ್ಲಿದ್ದ ವಿಷಯಕ್ಕೆ ಬರುತ್ತೇನೆ. ಊರಿನ ಕ್ಲಿನಿಕ್ಕಿನ ಮೊರಿತಾ ಡಾಕ್ಟರಿಗೆ ಎಪ್ಪತ್ತೆಂಟು. ಬರುವ ವಸಂತಕ್ಕೆ ನಿವೃತ್ತಿ. ಜ್ವರ, ಮಂಡಿನೋವು ನೋಡುವುದರ ಜೊತೆಗೆ ಅವರಿಗೆ ಇನ್ನೊಂದು ಕೆಲಸವಿದೆ. ಮನೆಯಲ್ಲಿ ಯಾರಾದರೂ ಒಂಟಿಯಾಗಿ ಅಥವಾ ಇದ್ದಕ್ಕಿದ್ದಂತೆ ತೀರಿಕೊಂಡರೆ ಪೊಲೀಸರು ಅವರನ್ನು ಕರೆಯುತ್ತಾರೆ. ದೇಹ ನೋಡಿ, ಸಾವು ಹೇಗಾಯಿತೆಂದು ಬರೆದುಕೊಡಬೇಕು. ಆ ಕಾಗದವಿಲ್ಲದೆ ದಹನವಿಲ್ಲ.

ಈಗ ಟೌನ್ ಆಫೀಸು ಹೊಸ ಡಾಕ್ಟರಿಗೆ ಜಾಹೀರಾತು ಕೊಡಬೇಕು. ‘ಪೊಲೀಸರು ಕರೆದಾಗ ಬರಲೇಬೇಕು’ ಎಂಬ ಷರತ್ತು ಹಾಕಬೇಕೇ ಬೇಡವೇ? ಹಾಕಿದರೆ ಯುವ ಡಾಕ್ಟರುಗಳು ಬರುವುದಿಲ್ಲ. ಹಾಕದಿದ್ದರೆ ಹಿಮದ ದಾರಿಯಲ್ಲಿ ನಗರದ ಡಾಕ್ಟರು ಬರುವವರೆಗೆ ಸತ್ತವರು ಕಾಯಬೇಕು.

ಫುಮಿ ಸಾನ್‌ಗೆ ಇದು ಬರೀ ಜಾಹೀರಾತಿನ ಪ್ರಶ್ನೆಯಲ್ಲ. ಎರಡು ಚಳಿಗಾಲದ ಹಿಂದೆ ಅವರ ಗಂಡ ಸ್ನಾನದ ತೊಟ್ಟಿಯಲ್ಲೇ ಹೋಗಿಬಿಟ್ಟರು. ಮೊರಿತಾ ಡಾಕ್ಟರು ರಬ್ಬರ್ ಬೂಟು ಹಾಕಿಕೊಂಡು ಹಿಮದಲ್ಲಿ ನಡೆದೇ ಬಂದರು. ಮೂವತ್ತು ವರ್ಷ ಆ ಎದೆಯ ಬಡಿತ ಕೇಳಿದ್ದವರು. ನೋಡಿ ಮುಗಿಸಿ, ಫುಮಿ ಸಾನ್ ಪಕ್ಕ ಕೂತು, “ಹೃದಯ ನಿಂತುಹೋಗಿದೆ. ನಿಮ್ಮನ್ನು ಕರೆಯುವಷ್ಟು ಹೊತ್ತೂ ಅವರಿಗೆ ಸಿಕ್ಕಿಲ್ಲ” ಎಂದಿದ್ದರಂತೆ.

“ನಾನು ಆಚೆ ಕೋಣೇಲಿ ಟಿವಿ ನೋಡ್ತಿದ್ದೆ ಅಂತ ಡಾಕ್ಟರಿಗೆ ಗೊತ್ತಿತ್ತು. ಕರೆದದ್ದು ಕೇಳಿಸಲಿಲ್ಲವೇನೋ ಅಂತ ನಾನು ಕೊರಗಬಾರದಲ್ಲ, ಅದಕ್ಕೇ ಹಾಗೆ ಹೇಳಿದ್ದು,” ಎಂದರು ಫುಮಿ ಸಾನ್. “ನನ್ನ ಸರದಿ ಬಂದಾಗ ಯಾರೋ ಗುರುತಿಲ್ಲದವರು ಬಂದು ನೋಡ್ತಾರೆ. ಅದೊಂದು ಬೇಜಾರು.”

ಭಾನುವಾರ ಬೆಳಿಗ್ಗೆ ಸಭೆ. ನಾನು ಪದವೀಧರೆಯ ಹಾಗೆಯೇ ತಯಾರಾಗಿದ್ದೆ. ಹೆಣ ನೋಡುವುದು ವಿಜ್ಞಾನ. ಅದಕ್ಕೆ ತರಬೇತಿ ಬೇಕು. ನಗರದ ತಜ್ಞರನ್ನೇ ಕರೆಸಿ. ಊರಿನ ಡಾಕ್ಟರ ಮೇಲೆ ಹೇರಬೇಡಿ, ಎಂದೆ. ಮಗು ಎತ್ತಿಕೊಂಡಿದ್ದ ಒಬ್ಬ ತಾಯಿ ಜೋರಾಗಿ ತಲೆಯಾಡಿಸಿದಳು. ಅವಳಿಗೆ ಬೇಕಾದದ್ದು ಮಗುವಿನ ಜ್ವರಕ್ಕೆ ಡಾಕ್ಟರು. ಚಪ್ಪಾಳೆಯೂ ಬಿತ್ತು. ಫುಮಿ ಸಾನ್ ಮಾತ್ರ ಟೀ ಕಪ್ಪು ನೋಡುತ್ತ ಕೂತಿದ್ದರು.

ಆಗ ಹಿಂದಿನ ಸಾಲಿನಿಂದ ಮೊರಿತಾ ಡಾಕ್ಟರು, “ರತ್ನಾ ಸಾನ್ ಹೇಳಿದ್ದು ಸರಿ. ಆದರೆ ನನ್ನ ಕೆಲಸದಲ್ಲಿ ವಿಜ್ಞಾನ ಅರ್ಧ. ಇನ್ನರ್ಧ, ಆ ಮನುಷ್ಯನನ್ನು ಬಲ್ಲೆ ಅನ್ನೋದು,” ಎಂದರು.

ನನಗೆ ಥಟ್ಟನೆ ಕೆರೆ ಏರಿ ನೆನಪಾಯಿತು. ಒಮ್ಮೆ ಮುಖ ಗುರುತು ಸಿಗದ ಹೆಣವೊಂದು ತೇಲಿಬಂದಿತ್ತು. ಅಪ್ಪ ಅಂಗಿ ನೋಡಿದ. ಬಿಳಿ ಅಂಗಿಯಲ್ಲಿ ಕರಿ ದಾರದಿಂದ ಹೊಲಿದ ಒಂದು ಗುಂಡಿ. ಇಸ್ತ್ರಿ ಮಾಡುವಾಗ ಕಿತ್ತುಬಂದದ್ದನ್ನು ಅಪ್ಪನೇ ಹೊಲಿದಿದ್ದ. ಹೆಸರು ಹೇಳಿದ. ಒಬ್ಬ ತಾಯಿಗೆ ಮಗನ ದೇಹ ಸಿಕ್ಕಿತು. ಆವತ್ತೂ ನಾನು ಹೆಬ್ಬೆಟ್ಟಿನ ಮಸಿಗೆ ರೇಗಿದ್ದೆ. “ಓದೋಕೇ ಬರದೇ ಇರೋನ್ನ ಯಾಕಪ್ಪ ಕರೀತಾರೆ?”

ಅಪ್ಪ ಕೆಂಡ ಊದುತ್ತ ಹೇಳಿದ್ದ: “ಓದೋರು ಪೊಲೀಸ್ರಲ್ಲೇ ಅವ್ರೆ ಕಣವ್ವ. ಗುರುತು ಹಿಡಿಯೋರು ಬೇಕಲ್ಲ.”

ಡಿಗ್ರಿ ಸಿಕ್ಕ ಮೇಲೂ ಈ ಮಾತು ನನಗೆ ಅರ್ಥವಾಗಿರಲಿಲ್ಲ ನೋಡಿ.

ಬರೆದ ಹಾಳೆ ಮಡಚಿಟ್ಟೆ. ಹರಕುಮುರುಕು ಜಪಾನಿ ಭಾಷೆಯಲ್ಲಿ ಹೇಳಿದೆ: ಷರತ್ತು ಬೇಡ, ನಗರದ ಡಾಕ್ಟರೇ ಬರಲಿ. ಆದರೆ ಒಬ್ಬರೇ ಬರುವುದು ಬೇಡ. ಸತ್ತವರನ್ನು ಬಲ್ಲ ಒಬ್ಬ ನೆರೆಯವರು ಬಾಗಿಲಲ್ಲಿ ಕಾದಿದ್ದು ಅವರ ವಿಷಯ ಹೇಳಲಿ. ಕಸದ ಡ್ಯೂಟಿಗೆ ಸರದಿ ಪಟ್ಟಿ ಇದೆ. ಇದಕ್ಕೂ ಒಂದಿರಲಿ.

ಸಭಾಧ್ಯಕ್ಷರು ಹಲ್ಲಿನ ನಡುವೆ ಉಸಿರೆಳೆದುಕೊಂಡರು. (ಇಲ್ಲಿ ಅದಕ್ಕೆ ‘ಕಷ್ಟ’ ಎಂದರ್ಥ.)

“ಹಾಗಾದರೆ ಮೊದಲ ಹೆಸರು ರತ್ನಾ ಸಾನ್‌ದೇ ಬರೀರಿ,” ಎಂದರು ಫುಮಿ ಸಾನ್. “ಹೇಗೂ ಅವರು ಎಲ್ಲ ಕಾಲಂಗೂ ಮುದ್ರೆ ಒತ್ತುತ್ತಾರೆ!”

ಹಾಲ್ ತುಂಬ ನಗು. ಅಧ್ಯಕ್ಷರೂ ನಕ್ಕುಬಿಟ್ಟರು.

ಜಾಹೀರಾತು ಷರತ್ತಿಲ್ಲದೆ ಹೋಯಿತು. ಪಟ್ಟಿಯ ಬಗ್ಗೆ ಪೊಲೀಸರನ್ನು ಕೇಳಿ ನೋಡುತ್ತೇವೆ ಎಂದಿದೆ ಟೌನ್ ಆಫೀಸು. ನಮ್ಮ ಬೀದಿಯವರು ಅಷ್ಟು ಕಾಯಲಿಲ್ಲ. ಮುಂದಿನ ವಾರವೇ ಕೈರಾನ್‌ಬಾನ್‌ನಲ್ಲಿ ಸರದಿ ಪಟ್ಟಿ ಬಂತು, ಮೊದಲ ಹೆಸರು ನನ್ನದೇ. ಅನುವನ್ನು ಪಕ್ಕ ಕೂರಿಸಿಕೊಂಡು, ಕರಡಿ ಸುದ್ದಿಯೂ ಸೇರಿ, ಪ್ರತಿ ಸಾಲು ಓದಿದೆ. ಆಮೇಲೆ ಒತ್ತಿದೆ. ಒಂದೇ ಮುದ್ರೆ.

ಮೊನ್ನೆ ಫುಮಿ ಸಾನ್ ಒಂದು ಮೂಲಂಗಿ ಹಿಡಿದು ಬಂದರು. ಅಡುಗೆಮನೆಯಲ್ಲೇ ಪ್ಯಾಂಟು ಮಡಚಿ ಎಡ ಮೊಣಕಾಲು ತೋರಿಸಿದರು. ಉದ್ದದ ಹಳೇ ಕಲೆ.

“ಹನ್ನೊಂದನೇ ವಯಸ್ಸಲ್ಲಿ ಹಣ್ಣು ಕದಿಯೋಕೆ ಹೋಗಿ ಮರದಿಂದ ಬಿದ್ದದ್ದು. ಸರಿಯಾಗಿ ನೆನಪಿಟ್ಕೊಳ್ಳಿ. ಇಲ್ಲಾಂದ್ರೆ ಪೊಲೀಸರು ನಿಮ್ಮ ಮೇಲೇ ಅನುಮಾನ ಪಟ್ಟಾರು!”

ನಾನು ನಗುತ್ತ ಬರೆದಿಟ್ಟುಕೊಂಡೆ. ನಿಮ್ಮ ಮೊಣಕಾಲಿನ ಕಲೆಯ ಕಥೆ ಬಲ್ಲವರು ನಿಮ್ಮ ಬೀದಿಯಲ್ಲಿ ಎಷ್ಟು ಜನರಿದ್ದಾರೆ?