ಮೂರನೇ ಕಿಟಕಿಯ ಎಂ.ಎ.

ನೆರವು ಕಚೇರಿಯ ಮೂರನೇ ಕಿಟಕಿಯ ಹಿಂದೆ ಹತ್ತೊಂಬತ್ತು ವರ್ಷ ಕೂತವಳನ್ನು ಎಲ್ಲರೂ ಕಿಟಕಿ ಮೇಡಂ ಎಂದೇ ಕರೆಯುತ್ತಿದ್ದರು. ಮುದುಕರು, ಗಂಡ ಸತ್ತವರು, ನಡೆಯಲಾಗದವರು ತರುವ ಅರ್ಜಿಗಳಲ್ಲಿ ತಪ್ಪು ಹುಡುಕಿ ವಾಪಸ್ಸು ಕೊಡುವುದರಲ್ಲಿ ಅವಳದು ಪಳಗಿದ ಕೈ. ಅಂಥವಳಿಗೆ ನಲವತ್ತೈದರಲ್ಲಿ ಓದುವ ಹುಚ್ಚು ಹತ್ತಿಸಿದ್ದು ಒಂದು ಹೊಸ ಅರ್ಜಿ ನಮೂನೆ. ಎರಡು ಪುಟವಿದ್ದದ್ದು ಇದ್ದಕ್ಕಿದ್ದಂತೆ ಹನ್ನೊಂದು ಪುಟವಾಗಿತ್ತು. ಅದನ್ನು ರೂಪಿಸಿದ ಮೇಲಿನ ಮಹಡಿಯ ಹೊಸ ಅಧಿಕಾರಿ ಸಾಮಾಜಿಕ ನೀತಿಯಲ್ಲಿ ಎಂ.ಎ. ಮಾಡಿದವನಂತೆ. ಇಂಥ ತಲೆಗಳು ಎಲ್ಲಿ ತಯಾರಾಗುತ್ತವೋ ಒಮ್ಮೆ ನೋಡಿಯೇಬಿಡೋಣ ಎಂದು ಅವಳೂ ಸಂಜೆಯ ತರಗತಿಗೆ ಹೆಸರು ಬರೆಸಿದಳು.

"ಈ ವಯಸ್ಸಲ್ಲಿ ಓದಿ ಯಾರನ್ನ ಉದ್ಧಾರ ಮಾಡ್ತೀಯ?" ಎಂದ ಗಂಡ.

"ನಿಮ್ಮನ್ನಂತೂ ಅಲ್ಲ, ಗಾಬರಿಯಾಗ್ಬೇಡಿ," ಎಂದು ಚೀಲ ಹೆಗಲಿಗೇರಿಸಿ ಹೊರಟಳು.

ಪಾಠ ಮಾಡುವ ಮೇಷ್ಟ್ರು ಬಡತನದ ಮೇಲೆ ಆರು ಪುಸ್ತಕ ಬರೆದವರು. ಗೋಡೆಯ ಮೇಲೆ ಚೌಕಗಳನ್ನೂ ಬಾಣಗಳನ್ನೂ ಮೂಡಿಸಿ, ಬಡವರು ಯಾವ ಬಾಣ ಹಿಡಿದು ಯಾವ ಚೌಕಕ್ಕೆ ಬಂದು ಇಳಿಯುತ್ತಾರೆಂದು ಸೊಗಸಾಗಿ ವಿವರಿಸುತ್ತಿದ್ದರು. ಒಂದು ದಿನ ಅವಳು ಕೈಯೆತ್ತಿದಳು.

"ಸಾರ್, ಆ ಚೌಕದಿಂದ ಈ ಚೌಕಕ್ಕೆ ಬರೋಕೆ ಎಷ್ಟು ದಿನ ಹಿಡಿಯುತ್ತೆ?"

"ಅದು ನಮ್ಮ ಅಧ್ಯಯನದ ವ್ಯಾಪ್ತಿಗೆ ಬರೋದಿಲ್ಲ," ಎಂದರು ಮೇಷ್ಟ್ರು.

ಅವಳಿಗೆ ಮನೆಗೆ ಬಂದಷ್ಟು ಹಾಯೆನಿಸಿತು. ಕಿಟಕಿಯಲ್ಲಿ ಅವಳೂ ದಿನವಿಡೀ ಹೇಳುತ್ತಿದ್ದದ್ದು ಅದನ್ನೇ: "ಅದು ನಮ್ಮ ಸೆಕ್ಷನ್ ಅಲ್ಲ." ಮೇಷ್ಟ್ರದು ಇಸ್ತ್ರಿ ಮಾಡಿದ ಮಾತು, ಅಷ್ಟೇ ವ್ಯತ್ಯಾಸ.

ಎರಡನೇ ವರ್ಷ ಪ್ರಬಂಧ ಬರೆಯಬೇಕಾಗಿ ಬಂತು. ಜೊತೆಯವರೆಲ್ಲ ಗ್ರಂಥಾಲಯಕ್ಕೆ ನುಗ್ಗಿದರೆ, ಇವಳು ಎಪ್ಪತ್ತೆಂಟರ ಅತ್ತೆಯನ್ನು ಕರೆದುಕೊಂಡು, ತನ್ನ ಗುರುತಿಲ್ಲದ ಇನ್ನೊಂದು ಬಡಾವಣೆಯ ನೆರವು ಕಚೇರಿಗೆ ಹೋಗಿ ಸಾಲಿನಲ್ಲಿ ನಿಂತಳು. ತಾನೂ ಅದೇ ಇಲಾಖೆಯವಳೆಂದು ಬಾಯಿ ಬಿಡಲಿಲ್ಲ.

"ಎಂಟನೇ ಪುಟ ಖಾಲಿ ಇದೆ. ತುಂಬ್ಕೊಂಡು ಬನ್ನಿ," ಎಂದ ಗುಮಾಸ್ತ, ತಲೆಯೆತ್ತದೆ.

ಎಂಟನೇ ಪುಟದಲ್ಲಿದ್ದ ಪ್ರಶ್ನೆ: ವೃದ್ಧಾಪ್ಯಕ್ಕೆ ಕಾರಣ.

"ಸಾಯದೇ ಉಳಿದಿದ್ದು ಅಂತ ಬರಿ ಕಣೇ," ಎಂದರು ಅತ್ತೆ. ಅವಳು ಹಾಗೆಯೇ ಬರೆದಳು.

ಮುಂದಿನ ವಾರ ಫೋಟೋದಲ್ಲಿ ಅತ್ತೆಯ ಎಡಗಿವಿ ಕಾಣುತ್ತಿರಲಿಲ್ಲ. ಅದರ ಮುಂದಿನ ವಾರ, ಬದುಕಿದ್ದಾರೆಂಬ ಪ್ರಮಾಣಪತ್ರವಿರಲಿಲ್ಲ.

"ಅಯ್ಯೋ, ನಿಮ್ಮೆದುರಿಗೇ ನಿಂತಿದಾರಲ್ಲ!"

"ನಿಂತ್ರೆ ಸಾಲದಮ್ಮ, ಸೀಲು ಬೇಕು."

"ಇದನ್ನೆಲ್ಲ ಮೊದಲನೇ ದಿನವೇ ಹೇಳ್ಬಹುದಿತ್ತಲ್ಲ?"

"ಮುಂದಿನವರು ಬನ್ನಿ!"

ಆ ಮಾತು, ಆ ಧಾಟಿ, ಮೇಜಿನ ಮೇಲೆ ಪೆನ್ನು ಕುಟ್ಟಿದ ರೀತಿ, ಎಲ್ಲವೂ ಅವಳದೇ. ಬಸ್ಸಿನಲ್ಲಿ ಮಂಡಿ ನೀವಿಕೊಳ್ಳುತ್ತಾ ಅತ್ತೆ ಕೇಳಿದರು, "ನೀನೂ ಜನರ ಹತ್ರ ಹೀಗೇ ಮಾತಾಡ್ತೀಯೇನೇ?" ಅವಳು ಚೀಲದಿಂದ ನೋಟುಬುಕ್ಕು ತೆಗೆದು ಆ ಪ್ರಶ್ನೆಯನ್ನೂ ಬರೆದುಕೊಂಡಳು.

ನಾಲ್ಕನೇ ಸಲಕ್ಕೆ ಅತ್ತೆಗೆ ನೆರವು ಮಂಜೂರಾಯಿತು. ಅವಳು ಕಂಡದ್ದನ್ನು ಕಂಡಂತೆ ನಲವತ್ತು ಪುಟ ಬರೆದಳು. ಮೌಖಿಕ ಪರೀಕ್ಷೆ ನಡೆಸಲು ಬಂದವರು ಪುಟ ತಿರುವಿ ಮುಖ ಕಿವುಚಿದರು. "ಅನುಭವ ಧಾರಾಳವಾಗಿದೆಯಮ್ಮ. ಜ್ಞಾನ ಎಲ್ಲಿ?" ಅವಳು ಮೇಷ್ಟ್ರ ಪುಸ್ತಕಗಳಿಂದಲೇ ಅರವತ್ತು ಪುಟ ಜ್ಞಾನ ತಂದು ಮುಂದೆ ಸೇರಿಸಿದಳು. ಮೊದಲ ದರ್ಜೆ ಬಂತು.

ಇಲಾಖೆಗೆ ಹೆಮ್ಮೆಯೋ ಹೆಮ್ಮೆ. ಅವಳನ್ನು ಮೇಲಿನ ಮಹಡಿಗೆ ಏರಿಸಿ, ಅರ್ಜಿ ಸುಧಾರಣಾ ಸಮಿತಿಯಲ್ಲಿ ಕೂರಿಸಿದರು. ಎಂಟನೇ ಪುಟದ ಆ ಪ್ರಶ್ನೆ ತೆಗೆದುಹಾಕೋಣ ಎಂದಳು. ಮೂರು ಸಭೆ ನಡೆಯಿತು. ತೆಗೆದರೆ ಹಿರಿಯರಿಗೆ ಅಗೌರವ ಎಂದರು ಒಬ್ಬರು. ಅಂಕಿಅಂಶ ತಪ್ಪಿಹೋಗುತ್ತದೆ ಎಂದರು ಇನ್ನೊಬ್ಬರು. ಕೊನೆಗೆ ಆ ಹೊಸ ಅಧಿಕಾರಿಯೇ ದಾರಿ ಕಂಡುಹಿಡಿದ: ಪ್ರಶ್ನೆ ಇರಲಿ, ಕೆಳಗೆ ನಾಲ್ಕು ಆಯ್ಕೆ ಕೊಡೋಣ. ನಮೂನೆ ಹನ್ನೆರಡು ಪುಟವಾಯಿತು.

ಐದನೇ ತಿಂಗಳು ಅವಳು ಕೆಳಗೆ ಕಳಿಸಿಕೊಡಿ ಎಂದು ಬರೆದುಕೊಟ್ಟಳು.

"ಯಾರಾದ್ರೂ ತಾವಾಗೇ ಕೆಳಗೆ ಹೋಗ್ತಾರಾ ಮೇಡಂ?" ಎಂದ ಅಧಿಕಾರಿ.

"ಮೆಟ್ಟಿಲು ಹತ್ತೋಕಾಗಲ್ಲ ಸಾರ್, ಮಂಡಿ ನೋವು," ಎಂದು ಸುಳ್ಳು ಹೇಳಿದಳು.

ಮತ್ತೆ ಮೂರನೇ ಕಿಟಕಿಗೆ ಬಂದವಳು ಹೊಸದಾಗಿ ಒಂದು ಅಭ್ಯಾಸ ಮಾಡಿಕೊಂಡಳು. ಅರ್ಜಿ ಕೊಟ್ಟವರನ್ನು ನಿಲ್ಲಿಸಿಕೊಂಡು ಹನ್ನೆರಡೂ ಪುಟ ಓದುವುದು, ಏನೇನು ಕಡಿಮೆಯಿದೆಯೋ ಒಂದೇ ಸಲಕ್ಕೆ ಚೀಟಿಯಲ್ಲಿ ಬರೆದುಕೊಡುವುದು. ಒಂದೇ ತಿಂಗಳಲ್ಲಿ ಅವಳ ಸಾಲು ಗೇಟು ದಾಟಿತು. ಎರಡನೇ ಮತ್ತು ನಾಲ್ಕನೇ ಕಿಟಕಿಯವರು ನೊಣ ಹೊಡೆಯುತ್ತಾ ಕೂತು, ಮೇಲಕ್ಕೆ ದೂರು ಕಳಿಸಿದರು. ಮೂರನೇ ಕಿಟಕಿಯಲ್ಲಿ ಅಸಹಜ ಜನಸಂದಣಿಗೆ ಕಾರಣ ತಿಳಿಸಿ ಎಂದು ನೋಟಿಸು ಬಂತು.

"ಅರ್ಜಿ ಓದುತ್ತಿರುವುದರಿಂದ" ಎಂದು ಬರೆದು ಸಹಿ ಹಾಕಿದಳು. ಓದಕೂಡದೆಂಬ ನಿಯಮ ಯಾವ ಸುತ್ತೋಲೆಯಲ್ಲೂ ಸಿಗದ ಕಾರಣ, ಅಧಿಕಾರಿ ಆ ಕಡತ ಮುಚ್ಚಬೇಕಾಯಿತು.